ಹನ್ನೊಂದು ಸೆಲ್ಲಿನ ಹಸಿರು

ಬಣ್ಣದ ಕಾಕಾನ ಉಗುರುಗಳಿಗೆ ಉಗುರಿನ ಬಣ್ಣವೇ ಇರಲಿಲ್ಲ. ಬಲಗೈ ಹೆಬ್ಬೆರಳಿನದು ಕಡುನೀಲಿ, ಅದರ ಪಕ್ಕದ್ದು ಹಸಿರಿಗೆ ತಿರುಗಿದ ಕಪ್ಪು, ಕಿರುಬೆರಳಿನದು ಮಾತ್ರ ಅಪ್ಪಟ ಕುಂಕುಮ. ನಾನು ಬನಹಟ್ಟಿಗೆ ಸೊಸೆಯಾಗಿ ಬಂದ ಮೂರನೆಯ ದಿನ, ಪಕ್ಕದ ಮನೆಯ ಮೋಟುಗೋಡೆಯ ಮೇಲಿಂದ ಕರಿಬೇವು ಚಾಚಿದ ಆ ಕೈಯನ್ನು ನೋಡಿ, ಪಾಪ, ಮುದುಕರಿಗೆ ಏನೋ ದೊಡ್ಡ ರೋಗ ಹತ್ತಿದೆ ಎಂದು ಕರಿಬೇವನ್ನು ಎರಡೆರಡು ಸಲ ತೊಳೆದು ಒಗ್ಗರಣೆಗೆ ಹಾಕಿದೆ. ಆಮೇಲೆ ಗೊತ್ತಾಯಿತು, ಅದು ನಲವತ್ತು ವರ್ಷ ಊರಿನ ಸೀರೆಗಳ ನೂಲನ್ನು ಕುದಿಯುವ ಹಂಡೆಯಲ್ಲಿ ಅದ್ದಿ ಎತ್ತಿದ ಕೈ ಎಂದು. ನನ್ನ ಧಾರೆಯ ಸೀರೆಯ ಕೆಂಪು ಕೂಡ ಅದೇ ಕೈಯದು. ಅದನ್ನು ಕೇಳಿ ನಾಚಿಕೆಯಾಗಿ, ಎರಡು ದಿನ ಅವರಿಗೆ ಮುಖ ತೋರಿಸಲಿಲ್ಲ.

ಅವರಿಗೆ ಜಗತ್ತೆಲ್ಲ ಬಣ್ಣದ ಲೆಕ್ಕದಲ್ಲೇ ತಿಳಿಯುತ್ತಿತ್ತು. ಚಹಾ ಕೊಟ್ಟರೆ ಕುಡಿಯುವ ಮೊದಲು ಬೆಳಕಿಗೆ ಹಿಡಿದು, "ಎರಡು ಅದ್ದು ಕಡಿಮಿ ಆಗೇತಿ, ಯವ್ವಾ" ಎಂದು ವಾಪಸು ಕೊಡುವರು. ಓಣಿಯಲ್ಲಿ ಯಾರಿಗಾದರೂ ವರ ಗೊತ್ತಾದರೆ ಉಳಿದವರು ಹೊಲ ಎಷ್ಟು, ಮಗ್ಗ ಎಷ್ಟು ಎಂದು ಕೇಳುವರು. ಕಾಕಾ ಕೇಳುವುದು ಒಂದೇ: "ಹುಡುಗ ಪಕ್ಕಾ ಬಣ್ಣನೋ, ತೊಳದರ ಬಿಡ್ತಾನೋ?" ಯಾವುದಕ್ಕೂ ಥಟ್ಟನೆ ಹೌದು ಎನ್ನುವವರಲ್ಲ. ಒದ್ದೆ ನೂಲು ಒಂದು ತೋರಿಸುತ್ತದೆ, ಒಣಗಿದ ಮೇಲೆ ಇನ್ನೊಂದಾಗುತ್ತದೆ. ಆ ಕಸುಬಿನಿಂದ ಬಂದ ಮಾತೊಂದು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಹಸಿ ಬಣ್ಣಕ್ಕ ಮಾತು ಕೊಡಬ್ಯಾಡ."

ನಾನು ಬಂದ ವರ್ಷವೇ ಅವರ ಹಂಡೆಗಳು ಆರಿದವು. ಬಣ್ಣ ಹಾಕಿದ ನೂಲೇ ಹೊರಗಿನಿಂದ ಪೆಟ್ಟಿಗೆಯಲ್ಲಿ ಬರತೊಡಗಿತ್ತು. ಕೆಲಸ ನಿಂತಮೇಲೆ ಅವರ ಉಗುರುಗಳು ಬುಡದಿಂದ ಬಿಳಿಯಾಗುತ್ತ ಬಂದವು. ಬಣ್ಣ ದಿನಕ್ಕಿಷ್ಟು ಮುಂದೆ ಸರಿದು ತುದಿಗೆ ಬಂದು, ಒಂದು ದಿನ ಕತ್ತರಿಗೆ ಹೋಯಿತು. ಆ ಚೂರುಗಳನ್ನು ಅವರು ಕಸಕ್ಕೆ ಎಸೆಯದೆ ದಾಸವಾಳದ ಬುಡಕ್ಕೆ ಹಾಕಿ, "ಈ ಸಲ ಹೂವು ಪಕ್ಕಾ ಬಣ್ಣದವು ಬರ್ತಾವ ನೋಡು" ಎಂದು ನಕ್ಕರು. ಅವರ ಹೆಂಡತಿ ನಗಲಿಲ್ಲ. ನಾವು ಕಾಕು ಎಂದು ಕರೆಯುತ್ತಿದ್ದ ಆ ಹೆಂಗಸಿನದು ಮಾತು ಕಡಿಮೆ, ನೋಟ ಜಾಸ್ತಿ. ಕೆಲಸವಿಲ್ಲದ ಗಂಡ ಅಂಗಳದಲ್ಲಿ ಸುಮ್ಮನೆ ಸುತ್ತುವುದನ್ನು ನೋಡುತ್ತ ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿರುತ್ತಿದ್ದರು.

ನನ್ನ ಕಥೆ ಆಗ ಬೇರೆಯೇ ಇತ್ತು. ಮದುವೆಯಲ್ಲಿ ಹಾಕಿದ ಬೆಳ್ಳಿಯ ಕಾಲುಂಗುರ ಮೂರನೆಯ ವಾರಕ್ಕೆ ಕಡಿಯತೊಡಗಿತು. ಮೊದಲು ತುರಿಕೆ, ಆಮೇಲೆ ನೀರುಗುಳ್ಳೆ, ಆಮೇಲೆ ಎರಡೂ ಬೆರಳು ಸೋರತೊಡಗಿದವು. ಅರಿಸಿನ ಹಚ್ಚಿದೆ, ಉಂಗುರಕ್ಕೆ ನೂಲು ಸುತ್ತಿದೆ, ಉಗುರುಬಣ್ಣ ಬಳಿದೆ. ಯಾವುದೂ ನಾಟಲಿಲ್ಲ. ಜಮಖಂಡಿಯ ಡಾಕ್ಟರು ನೋಡಿ, ಬೆಳ್ಳಿಗೆ ಬೆರೆಸಿದ ಲೋಹ ನಿಮ್ಮ ಚರ್ಮಕ್ಕೆ ಆಗಿಬರುವುದಿಲ್ಲ, ತೆಗೆದಿಡಿ ಎಂದರು. ಡಾಕ್ಟರಿಗೆ ಹೇಳುವುದು ಸುಲಭ, ಅವರಿಗೆ ನಮ್ಮತ್ತೆ ಗೊತ್ತಿಲ್ಲವಲ್ಲ. "ಗಂಡ ಇರೂತನಕ ಕಾಲುಂಗರ ತಗಿಯೂ ಮಾತಿಲ್ಲ" ಎಂದರು ಅತ್ತೆ. ಮುಗಿಯಿತು.

ನಾನು ಆಗ ರಬಕವಿಯ ಒಂದು ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ಮನೆಯ ತಿರುವು ದಾಟಿದ ಕೂಡಲೇ ಉಂಗುರ ತೆಗೆದು ಕರವಸ್ತ್ರದಲ್ಲಿ ಗಂಟು ಹಾಕುವುದು, ಸಂಜೆ ಅದೇ ತಿರುವಿನಲ್ಲಿ ಮತ್ತೆ ಏರಿಸುವುದು. ಹೀಗೆ ಒಂದು ವರ್ಷ ಕಳ್ಳಾಟ ನಡೆಸಿದೆ. ಒಂದು ಶನಿವಾರ ಮರೆತು ಬರಿಗಾಲಲ್ಲೇ ಒಳಗೆ ಬಂದೆ. ನಮ್ಮತ್ತೆ ನನ್ನ ಕಾಲು ನೋಡಿದರು, ಕೈಚೀಲ ಬಿಚ್ಚಿ ಕರವಸ್ತ್ರದ ಗಂಟು ನೋಡಿದರು. ಬೈಯಲಿಲ್ಲ. ಗಂಟು ಬಿಚ್ಚಿ ಉಂಗುರ ನನ್ನ ಕೈಗಿಟ್ಟರು. "ನನ್ನ ಮಗನ ಜೀವದ ಜೋಡಿ ಆಟ ಆಡಾಕತ್ತೀ. ಇನ್ನೊಮ್ಮೆ ಬರಿಗಾಲಾಗ ಕಂಡ್ರ ತವರಿಗೆ ನಡಿ" ಎಂದರು. ತವರು ಎಂದರೆ ಯಾವ ತವರು? ಬೀಳಗಿ ಕಡೆಯ ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅಪ್ಪ ಅವ್ವ ಪುನರ್ವಸತಿ ಕೇಂದ್ರದ ತಗಡಿನ ಕೆಳಗೆ ಬೇಯುತ್ತಿದ್ದರು.

ಅತ್ತೆಯ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ ಹೇಳಬಾರದು. ಆದರೆ ಆ ಸಂಜೆ ನಮ್ಮವರು ಮೆಲ್ಲಗೆ ಒಂದು ಮಾತು ಹೇಳಿದರು. ಅವರು ಆರು ವರ್ಷದವರಿದ್ದಾಗ ಅತ್ತೆ ಕೃಷ್ಣಾ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಒಂದು ಕಾಲುಂಗುರ ಜಾರಿ ನೀರಿಗೆ ಬಿತ್ತಂತೆ. ಬೈಸಿಕೊಳ್ಳಬೇಕಾಗುತ್ತದೆಂದು ಯಾರಿಗೂ ಹೇಳದೆ ಮುಚ್ಚಿಟ್ಟರಂತೆ. ಅದೇ ವರ್ಷ ಮಾವ ಜ್ವರ ಬಂದು ತೀರಿಕೊಂಡರು. "ಅವತ್ತಿಂದ ಅವ್ವ ತಾನ ಕೊಂದೆ ಅಂತ ತಿಳಕೊಂಡಾಳ" ಎಂದರು ನಮ್ಮವರು. ಅದಾದ ಮೇಲೆ ಸಿಟ್ಟೂ ಮಾಡಲಾಗದೆ, ಬೆರಳೂ ಉಳಿಸಿಕೊಳ್ಳಲಾಗದೆ ಕುಂಟತೊಡಗಿದೆ.

ಕುಂಟುವುದನ್ನು ಕಾಕಾ ಗೋಡೆಯಾಚೆಯಿಂದ ನೋಡಿದರು. "ಯಾಕ ತಂಗೀ, ಕಾಲಿಗೇನ ಆತು?" ಎಂದರು. ನಾನು ಹೇಳಿದೆ. ಅವರು ಹೆಂಡತಿಯ ಕಡೆ ನೋಡಿದರು. ಕಾಕು ಎದ್ದು ಗೋಡೆಯ ಹತ್ತಿರ ಬಂದು ಸೀರೆಯ ಅಂಚನ್ನು ಗೇಣು ಮೇಲೆತ್ತಿ ತಮ್ಮ ಪಾದ ತೋರಿಸಿದರು. ಬರಿಬೆರಳು. ಬೆರಳಿನ ಸುತ್ತ ಹಳೆಯ ಗಾಯದ ಕಪ್ಪು ಬಳೆ. "ಮೂವತ್ತು ವರ್ಷ ಆತು. ಮದವಿ ಮನ್ಯಾಗ ಕಾಲು ಮಡಚಿ ಹಿಂದ ಕುಂಡ್ರತೀನಿ" ಎಂದರು. ಅವರಿಗೆ ಮೇಲೆ ಅತ್ತೆ ಇರಲಿಲ್ಲ, ಗಂಡ ಒತ್ತಾಯ ಮಾಡುವವರಲ್ಲ, ಹಾಗಾಗಿ ಉಂಗುರವಿಲ್ಲದೆ ನಡೆದಿತ್ತು. ಆದರೆ ಊರು ಬಿಟ್ಟಿರಲಿಲ್ಲ. ಊರಿನ ಮದುಮಗಳಿಗೆಲ್ಲ ಬಣ್ಣ ಹಾಕಿದವನ ಹೆಂಡತಿ ಬರಿಗಾಲಿನವಳು ಎಂದು ಆಡಿಕೊಂಡ ಮಾತು ಕಾಕಾನ ಎದೆಯಲ್ಲಿ ಎಷ್ಟು ಆಳ ಇಳಿದಿತ್ತೆಂದು ನನಗೆ ತಿಳಿದದ್ದು ಅವರು ಆಗ ಮುಖ ತಿರುಗಿಸಿದ ರೀತಿಯಿಂದ.

ಆ ದೀಪಾವಳಿಗೆ ಕಾಕಾನ ಅಕ್ಕನ ಮಗ ಬೆಳಗಾವಿಯಿಂದ ಬಂದ. ಅಲ್ಲಿ ಯಾವುದೋ ಕಾರಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ. ಬೆರಳುದ್ದದ ಬೂದಿಬಣ್ಣದ ಸರಳಿನ ತುಂಡೊಂದನ್ನು ಮಾಮನ ಕೈಗಿಟ್ಟ. "ಇದು ಟೈಟೇನಿಯಂ ಮಾಮಾ. ಮುರದ ಎಲುಬಿಗೆ ಡಾಕ್ಟರು ಇದನ್ನ ಕೂಡಸ್ತಾರ. ಜೀವ ಇರೂತನಕ ಒಳಗಿದ್ರೂ ಮೈ ಒಲ್ಲೆ ಅನ್ನೂದಿಲ್ಲ." ಆಮೇಲೆ ಮಕ್ಕಳ ಆಟದಂತೆ ಒಂದು ಚಮತ್ಕಾರ ತೋರಿಸಿದ. ಉಪ್ಪಿನಕಾಯಿಯ ಗಾಜಿನ ಭರಣಿಗೆ ನೀರು, ನೀರಿಗೆ ಅಡಿಗೆ ಸೋಡಾ. ಒಂಬತ್ತು ವೋಲ್ಟಿನ ಚೌಕು ಸೆಲ್ಲುಗಳನ್ನು ಒಂದರ ಬಾಯಿಗೊಂದು ಒತ್ತಿ ಸಾಲು ಮಾಡಿದ. ಸಾಲಿನ ಒಂದು ತುದಿಯ ತಂತಿಗೆ ಸ್ಟೀಲಿನ ಚಮಚ, ಇನ್ನೊಂದಕ್ಕೆ ಆ ತುಂಡು. ಎರಡೂ ತಾಗದಂತೆ ನೀರಿಗಿಳಿಸಿದ. ಎರಡು ಸೆಲ್ಲಿಗೆ ತುಂಡು ಕಂಚಿನ ಬಣ್ಣಕ್ಕೆ ತಿರುಗಿತು. ಮೂರಕ್ಕೆ ನೇರಳೆ, ನಾಲ್ಕಕ್ಕೆ ನೀಲಿ.

ಕಾಕಾ ಭರಣಿಯ ನೀರನ್ನು ಬೊಗಸೆಗೆ ಹಾಕಿಕೊಂಡು ಮೂಸಿದರು. "ಬಣ್ಣ ಎಲ್ಲಿ ಹಾಕಿದ್ಯೋ?"

"ಬಣ್ಣನ ಇಲ್ಲ ಮಾಮಾ. ಮ್ಯಾಲೆ ಕಣ್ಣಿಗೆ ಕಾಣದಷ್ಟು ತೆಳು ಪದರ ಬೆಳೀತೈತಿ. ನೀರಿನ ಮ್ಯಾಲೆ ಎಣ್ಣಿ ಬಿದ್ದಾಗ ಬಣ್ಣ ಕಾಣೂದಿಲ್ಲೇನು, ಹಂಗ."

ಬಣ್ಣವಿಲ್ಲದ ಬಣ್ಣ! ನಲವತ್ತು ವರ್ಷ ಬಣ್ಣದ ಪುಡಿ ಕಲಸಿದ ಮನುಷ್ಯ ಅದನ್ನು ಕೇಳಿ ಮೊದಲು ಸಿಟ್ಟಾದರು, ಆಮೇಲೆ ಅಳಿಯ ಹೋಗುವಾಗ ಎಂಟು ಸೆಲ್ಲು, ಒಂದು ಹಿಡಿ ತುಂಡು ಬಿಟ್ಟುಹೋಗೆಂದು ಗಂಟುಬಿದ್ದರು. ಮರುದಿನ ಮುಂಜಾನೆಯಿಂದ ಆ ಮನೆಯಲ್ಲಿ ಉಪ್ಪಿನಕಾಯಿಗೆ ಭರಣಿ ಇಲ್ಲದಂತಾಯಿತು.

ಬಣ್ಣಗಾರ ಮಾತ್ರ ಮಾಡಬಲ್ಲ ತಪ್ಪುಗಳನ್ನು ಅವರು ಒಂದೊಂದಾಗಿ ಮಾಡಿದರು. ನೂಲು ಹೆಚ್ಚು ಹೊತ್ತು ಅದ್ದಿದರೆ ಬಣ್ಣ ಗಾಢವಾಗುತ್ತದಲ್ಲ, ಹಾಗೆಂದು ನೇರಳೆಯನ್ನು ಗಾಢ ಮಾಡಲು ತುಂಡನ್ನು ಇಡೀ ಮಧ್ಯಾಹ್ನ ಭರಣಿಯಲ್ಲಿ ಬಿಟ್ಟು ಕಾದು ಕೂತರು. ಅದು ಮೊದಲ ನಿಮಿಷದಲ್ಲಿ ಹೇಗಿತ್ತೋ ಹಾಗೇ ಇತ್ತು. "ಹಟಮಾರಿ ಹೆಣಾ" ಎಂದು ಬೈದರು. ಆಮೇಲೆ ಅರ್ಥವಾಯಿತು, ಇದು ಹೊತ್ತಿನ ಮಾತು ಕೇಳುವುದಿಲ್ಲ, ಸೆಲ್ಲಿನ ಮಾತು ಮಾತ್ರ ಕೇಳುತ್ತದೆ ಎಂದು. ಇನ್ನೊಂದು ದಿನ ತುಂಡನ್ನು ತಾಮ್ರದ ತಂತಿಗೆ ಕಟ್ಟಿ ತಂತಿಸಮೇತ ಮುಳುಗಿಸಿದರು. ತುಂಡಿಗೆ ಬಣ್ಣ ಬರಲಿಲ್ಲ, ನೀರೇ ನೀಲಿಹಸಿರಾಯಿತು. ಇವರಿಗೆ ಹಿಗ್ಗೋ ಹಿಗ್ಗು! ಕಡೆಗೂ ಬಣ್ಣ ಸಿಕ್ಕಿತೆಂದು ಆ ನೀರಿನಲ್ಲಿ ಒಂದು ಲಡಿ ನೂಲು ಅದ್ದಿ ಒಣಹಾಕಿದರು. ಕಾಕು ಅದನ್ನು ಒಂದೇ ಸಲ ತೊಳೆದರು, ನೂಲು ಮತ್ತೆ ಬೆಳ್ಳಗೆ. ಆ ದಿನ ಕಾಕು ನಕ್ಕದ್ದು ನಮ್ಮ ಅಡಿಗೆಮನೆಗೆ ಕೇಳಿಸಿತು.

ಬೆರಳಿನ ಜಿಡ್ಡು ತಾಕಿದರೂ ಕಲೆ ಉಳಿಯುತ್ತದೆಂದು ತುಂಡನ್ನು ಸಬಕಾರದಿಂದ ತೊಳೆದು, ಸ್ಪಿರಿಟ್ಟಿನಿಂದ ಒರೆಸಿ, "ಮುಟ್ಟಬ್ಯಾಡ್ರಿ, ಅದು ಮಡಿಯಾಗೈತಿ" ಎಂದು ಎಲ್ಲರನ್ನೂ ದೂರ ನಿಲ್ಲಿಸುವರು. ಬಂದ ಬಣ್ಣಗಳಿಗೆಲ್ಲ ತಮ್ಮ ಹಂಡೆಯ ಹೆಸರುಗಳನ್ನೇ ಇಟ್ಟರು. ಐದು ಸೆಲ್ಲಿನದು ಆಕಾಶ, ಏಳರದು ಬಂಗಾರ, ಎಂಟರದು ಉಳ್ಳಾಗಡ್ಡಿ ಸಿಪ್ಪಿ. ಕೆಲಸವಿಲ್ಲದೆ ಬಾಗಿದ್ದ ಬೆನ್ನು ಮತ್ತೆ ನೆಟ್ಟಗಾದದ್ದನ್ನು ನಾನು ಕಣ್ಣಾರೆ ನೋಡಿದೆ.

ಒಂದು ದಿನ ನೂಲಿನ ಎಳೆ ತಂದು, "ಬೆರಳು ಚಾಚು" ಎಂದರು. ನನ್ನ ಎರಡೂ ಬೆರಳಿನ ಅಳತೆ ತೆಗೆದು ಗಂಟು ಹಾಕಿ, ಆ ಎಳೆಗಳನ್ನು ಇನ್‌ಲ್ಯಾಂಡ್ ಪತ್ರದಲ್ಲಿ ಮಡಚಿ ಬೆಳಗಾವಿಗೆ ಕಳಿಸಿದರು. ಸಂಕ್ರಾಂತಿಗೆ ಅಳಿಯ ಒಂದೇ ಒಂದು ಜೊತೆ ಉಂಗುರ ತಂದುಕೊಟ್ಟು ಹೋದ. ನುಣ್ಣಗೆ, ಹಗುರ, ಬೂದಿಬಣ್ಣ. ಹಾಕಿಕೊಂಡೆ. ಒಂದು ವಾರ ಕಳೆದರೂ ತುರಿಕೆ ಇಲ್ಲ! ಆದರೆ ಅತ್ತೆ ಒಂದೇ ನೋಟಕ್ಕೆ, "ಕಬ್ಬಿಣ ಹಾಕ್ಕೊಂಡಿಯೇನ? ಶನಿ ಬಡಿಬೇಕೇನ ಮನಿಗೆ?" ಎಂದರು.

"ಕಬ್ಬಿಣ ಅಲ್ಲ ವೈನಿ, ತಡೀರಿ" ಎಂದು ಕಾಕಾ ಉಂಗುರ ಇಸಿದುಕೊಂಡು ಹೋದರು. ಇದ್ದುದರಲ್ಲೇ ಶ್ರೇಷ್ಠವಾದದ್ದನ್ನು ಕೊಡಬೇಕೆಂದು ಏಳು ಸೆಲ್ಲು ಹಚ್ಚಿ ಬಂಗಾರದ ಬಣ್ಣ ಬರಿಸಿ, ಹಿಗ್ಗುತ್ತ ತಂದು ಅತ್ತೆಯ ಮುಂದೆ ಹಿಡಿದರು. ನಮ್ಮತ್ತೆ ಹಾವು ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದರು.

"ಬಂಗಾರ ಕಾಲಾಗ! ಲಕ್ಷ್ಮೀನ್ನ ತುಳಸ್ತೀರೇನ್ರಿ ನನ್ನ ಸೊಸಿ ಕಡಿಂದ?"

"ಇದು ಬಂಗಾರ ಅಲ್ರಿ ವೈನಿ."

"ನೋಡಾಕ ಬಂಗಾರ ಇದ್ರ ಬಂಗಾರನ."

"ನಿಮ್ಮ ಸೀರಿ ಅಂಚಿನಾಗ ಜರಿ ಐತಲ್ಲ, ಅದು ಕಾಲಿಗೆ ಹತ್ತೂದಿಲ್ಲೇನು?"

"ಅದು ಜರಿ!" ಎಂದರು ಅತ್ತೆ. ಕಾಕಾ ಹಣೆ ಹಣೆ ಬಡಿದುಕೊಂಡರು. ಕಾಲಿಗೆ ಬಂಗಾರ ಹಾಕಬಾರದೆಂದು ಊರಿನ ಕೂಸಿಗೂ ಗೊತ್ತು. ಬಣ್ಣದ ಗುಂಗಿನಲ್ಲಿ ಅದು ಎಲ್ಲಿಗೆ ಹೋಗುತ್ತದೆಂಬುದನ್ನೇ ಮರೆತಿದ್ದರು.

ಅಳಿಸಿ ಬೇರೆ ಹಾಕಿಬಿಡಿ ಎಂದೆ ನಾನು. ಅವರು ತಲೆ ಅಲ್ಲಾಡಿಸಿದರು. "ಇದಕ್ಕ ಹಿಂದ ಬರೂದು ಗೊತ್ತಿಲ್ಲ, ತಂಗೀ. ಏಳರಿಂದ ನಾಕಕ್ಕ ಇಳಸಿದ್ರ ನೀಲಿ ಆಗೂದಿಲ್ಲ, ಬಂಗಾರನ ಉಳೀತೈತಿ. ಮುಂದಷ್ಟ ಹೋಗತೈತಿ. ಮುಂದ ಹಸಿರು ಐತಿ ಅಂತ ಹುಡುಗ ಹೇಳ್ಯಾನ. ಹನ್ನೊಂದು ಸೆಲ್ಲು ಬೇಕು. ಅದೂ ದಾಟಿದ್ರ ಮಣ್ಣು." ಹಸಿರು ಎಂದರೆ ಮುತ್ತೈದೆಯ ಬಳೆಯ ಬಣ್ಣ, ಅದಕ್ಕೆ ಯಾವ ಅತ್ತೆಯೂ ಒಲ್ಲೆ ಎನ್ನಲಾರಳು. ಆದರೆ ಇದ್ದದ್ದು ಒಂದೇ ಜೊತೆ, ಅಳಿಯ ಮತ್ತೆ ಬರುವುದು ಯುಗಾದಿಗೆ, ಕಾಕಾ ಎಂಟು ಸೆಲ್ಲಿಗಿಂತ ಮುಂದೆ ಎಂದೂ ಹೋದವರಲ್ಲ. ಕೆಟ್ಟರೆ ನಾನು ಮತ್ತೆ ಬೆಳ್ಳಿಗೆ.

ಮೂರು ಸೆಲ್ಲಿಗಾಗಿ ಅವರು ಬನಹಟ್ಟಿ ಸುತ್ತಿದರು, ಅಂಗಡಿಗಳಲ್ಲಿ ಆ ಚೌಕು ಸೆಲ್ಲು ಇರಲಿಲ್ಲ. ಒಂದನ್ನು ಮೋಟರ್ ರಿಪೇರಿಯವನ ಮೀಟರಿನಿಂದ ಬಿಚ್ಚಿಸಿ ತಂದರು. ಉಳಿದೆರಡು ಮೈಕ್‌ಸೆಟ್ಟಿನವನ ತಂತಿಯಿಲ್ಲದ ಮೈಕುಗಳಲ್ಲಿದ್ದವು. ಅವನಿಗೆ ಅಂದೇ ಲೋಕಾಪುರದಲ್ಲಿ ಮದುವೆ. "ಕಾಕಾ, ಹನ್ನೆರಡಕ್ಕ ಅಕ್ಕಿಕಾಳು, ಹತ್ತೂವರಿಗೆ ವಾಪಸ್ ಬೇಕು" ಎಂದು ಬೈಕು ಹಚ್ಚಿಕೊಂಡೇ ಬಾಗಿಲಲ್ಲಿ ನಿಂತ.

ಮುಂಜಾನೆ ಹತ್ತು ಗಂಟೆ. ಬಣ್ಣ ನೋಡಲು ಅದೇ ಸರಿಯಾದ ಹೊತ್ತು ಎಂದು ಕಾಕಾ ಬಡಗಣ ಬಾಗಿಲಲ್ಲಿ ಭರಣಿ ಇಟ್ಟರು. ಹಂಡೆಯ ಕಾಲದ ರಬ್ಬರಿನ ಕೈಗವಸು ಹಾಕಿಕೊಂಡರು. ನಮ್ಮತ್ತೆ ಗೋಡೆಯ ಈಚೆ ಹಪ್ಪಳ ನೋಡಿಕೊಳ್ಳುವ ನೆಪದಲ್ಲಿ ನಿಂತಿದ್ದರು. ಎಂಟನೆಯ ಸೆಲ್ಲು ಒತ್ತಿದರು, ಬಂಗಾರ ಹೋಗಿ ಉಳ್ಳಾಗಡ್ಡಿ ಸಿಪ್ಪೆಯಾಯಿತು. ಒಂಬತ್ತಕ್ಕೆ ಬದನೆ. ಹತ್ತಕ್ಕೆ ಬದನೆಯೂ ಅಲ್ಲದ, ಹಸಿರೂ ಅಲ್ಲದ ಕಲಸುಮೇಲೋಗರ. ಕಾಕಾನ ಹಣೆಯಲ್ಲಿ ಬೆವರು. ಹನ್ನೊಂದು. ಚಮಚದ ಸುತ್ತ ನೊರೆ ಎದ್ದಿತು. ಉಂಗುರ ಎತ್ತಿದರು. ನೀಲಿ.

"ನೀಲಿ ಆತಲ್ರಿ ಕಾಕಾ!" ಎಂದು ನಾನು ಅತ್ತೇಬಿಟ್ಟೆ. ಬೈಕಿನವ ಹಾರ್ನ್ ಬಾರಿಸಿದ. ಕಾಕಾ ಅವನ ಎರಡು ಸೆಲ್ಲು ಬಿಡಿಸಿ ಕೈಗೆ ಕೊಟ್ಟು ಕಳಿಸಿಯೇಬಿಟ್ಟರು. ಇನ್ನೊಂದು ಸಲ ಅದ್ದೋಣವೆಂದರೂ ಆಗದು. ನನಗೆ ಅವರ ಮೇಲೂ ಸಿಟ್ಟು ಬಂತು.

"ಹಸಿ ಬಣ್ಣಕ್ಕ ಮಾತು ಕೊಡಬ್ಯಾಡ" ಎಂದರು. ಉಂಗುರಗಳನ್ನು ಒಳ್ಳೆಯ ನೀರಿನಲ್ಲಿ ಜಾಲಿಸಿ, ಹಳೆಯ ಧೋತರದ ತುಂಡಿನಲ್ಲಿ ಒತ್ತಿ, ಗಾಳಿಗೆ ಹಿಡಿದರು. ನೀರಿನ ಪೊರೆ ಅಂಚಿನಿಂದ ಹಿಂದೆ ಸರಿಯಿತು. ಅದು ಸರಿದಲ್ಲೆಲ್ಲ ಹಸಿರು, ಕೈತುಂಬ ತೊಟ್ಟ ಹೊಸ ಗಾಜಿನ ಬಳೆಯಂಥ ಹಸಿರು. ಗೋಡೆಯಾಚೆಯಿಂದ ನಮ್ಮತ್ತೆ ಕೈ ಚಾಚಿದರು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಬಳಿ ಬಣ್ಣ" ಎಂದರು. ಆಮೇಲೆ ಕಾಕುವನ್ನು ಕರೆದು, "ನಾ ಹಾಕಬಾರದು, ನೀ ಹಾಕವಾ ಇಕಿಗೆ" ಎಂದರು. ಬರಿಗಾಲಿನ ಕಾಕು ನನ್ನ ಬೆರಳಿಗೆ ಉಂಗುರ ತೊಡಿಸಿದರು. ತಿಂಗಳೊಪ್ಪತ್ತಿನಲ್ಲಿ ಗಾಯ ಮಾಯಿತು. ಬಿ.ಎಡ್. ಓದಿ, ಕಾಯಂ ಮಾಸ್ತರಿಕೆ ಹಿಡಿದು, ಮುಧೋಳ ಜಮಖಂಡಿ ಎಂದು ಬಸ್ಸಿನಿಂದ ಬಸ್ಸಿಗೆ ನಾನು ಓಡಾಡಿದ್ದೆಲ್ಲ ಆ ಕಾಲಿನ ಮೇಲೆ.

ಸುದ್ದಿ ಹರಡಿತು. ಬೆಳ್ಳಿ ಆಗದವರು, ಕಿವಿ ಸೋರುವವರು, ಮೂಗುತಿ ಹಾಕಲಾರದವರು ಇಷ್ಟು ಜನ ಇದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಮೀರವಾಡಿಯಿಂದ ಮದುಮಗಳೊಬ್ಬಳು ಬಂದು ಕೆಂಪು ಬೇಕೇಬೇಕೆಂದು ಹಟ ಹಿಡಿದಳು. ಜೀವನವಿಡೀ ಕೆಂಪು ಮಾಡಿದ ಕಾಕಾ ಕೈಜೋಡಿಸಿ, "ತಂಗೀ, ಎಲ್ಲಾ ಬರ್ತೈತಿ, ಇದಕ್ಕ ಕೆಂಪೊಂದು ಬರೂದಿಲ್ಲ. ಸುಳ್ಳು ಹೇಳಿ ಬದನಿ ಬಣ್ಣ ಕೊಡಲ್ಯಾ?" ಎಂದರು. ಅವಳು ನಕ್ಕು ಹಸಿರು ಒಯ್ದಳು. ಕಾಕುವಿಗೆ ಮಾತ್ರ ಮೂರು ವರ್ಷ ಬೇಕಾಯಿತು. "ಹಲ್ಲು ಬಿದ್ದ ಮ್ಯಾಲೆ ನನಗೇನ ಶೃಂಗಾರ" ಎನ್ನುತ್ತಿದ್ದವರು, ಒಂದು ದಿನ ತಾವಾಗಿಯೇ ಬೆರಳು ಚಾಚಿದರು. ನಾಲ್ಕು ಸೆಲ್ಲಿನ ನೀಲಿ ಆರಿಸಿಕೊಂಡರು. ಮುಂದಿನ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತರು. ಕಾಕಾ ಊಟ ಬಿಟ್ಟು ದೂರದಿಂದ ಅದನ್ನೇ ನೋಡುತ್ತಿದ್ದರು.

ಅವರು ಹೋದದ್ದು ಒಂದು ಬೇಸಿಗೆಯಲ್ಲಿ, ಎರಡೇ ದಿನದ ಎದೆನೋವಿನಿಂದ. ದಿನಕರ್ಮದ ದಿನ ಬಂಧುಗಳ ಪೈಕಿ ಹಿರಿಯ ಹೆಂಗಸರು ಕಾಕುವಿನ ಸುತ್ತ ಸೇರಿದರು. "ಬಳಿ ಆತು. ಇನ್ನ ಕಾಲುಂಗರ ತಗೀರಿ" ಎಂದರು ಒಬ್ಬರು. ಕಾಕು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. "ಗಂಡ ಹಾಕಿದ ಬೆಳ್ಳಿ ಎಂದೋ ತಗದೀನಿ. ಇವು ಇರಲ್ರಿ" ಎಂದು ಸಣ್ಣ ದನಿಯಲ್ಲಿ ಬೇಡಿಕೊಂಡರು. ಆ ಹೆಂಗಸು ಕೇಳದೆ ಬಗ್ಗಿದಳು. ನಾನು ಪಕ್ಕದಲ್ಲೇ ಇದ್ದೆ. ಅರವತ್ತು ಮಕ್ಕಳನ್ನು ಒಂದೇ ಕೂಗಿಗೆ ಸುಮ್ಮನಾಗಿಸುವ ನನ್ನ ಬಾಯಿಂದ "ಬ್ಯಾಡ್ರಿ" ಎಂಬುದು ಸೊಳ್ಳೆಯ ದನಿಗಿಂತ ಜೋರಾಗಿ ಬರಲಿಲ್ಲ.

ಆಗ ನಮ್ಮತ್ತೆ ಹಿಂದಿನಿಂದ ಎದ್ದು ಬಂದರು. ಬಗ್ಗಿದವಳ ರಟ್ಟೆ ಹಿಡಿದು ನಿಲ್ಲಿಸಿದರು.

"ಕೈ ಬಿಡು. ಇಕಿ ಮೂವತ್ತು ವರ್ಷ ಬರಿಗಾಲಾಗ ಇದ್ಲು, ಅಂವ ಗಟ್ಟಿ ಇದ್ದ. ಉಂಗರ ಹಾಕ್ಕೊಂಡ್ಲು, ಅಂವ ಹ್ವಾದ. ಉಂಗರಕ್ಕೂ ಉಸರಿಗೂ ಏನ ಸಂಬಂಧ ಐತಿ ಹೇಳು? ತಗದು ಏನ ಮಾಡ್ತೀ?"

ಆ ಹೆಂಗಸು ಹಿಂದೆ ಸರಿದಳು. ಉಂಗುರ ಕಾಕುವಿನ ಬೆರಳಲ್ಲೇ ಉಳಿದವು.

ಮನೆಗೆ ಬಂದ ಮೇಲೆ ನಮ್ಮತ್ತೆ ಹೊಸ್ತಿಲಲ್ಲೇ ಕೂತುಬಿಟ್ಟರು. ನೀರು ಕೊಟ್ಟೆ, ಕುಡಿಯಲಿಲ್ಲ. ತಾವೇ ಆಡಿದ ಮಾತು ಈಗ ತಮ್ಮ ಕಿವಿಗೆ ಬಿದ್ದವರಂತೆ ನನ್ನ ಮುಖ ನೋಡಿದರು.

"ಹಂಗಾದ್ರ ನಿಮ್ಮ ಮಾವ ನನ್ನಿಂದ ಸತ್ತಿಲ್ಲ?"

"ಇಲ್ಲ ಅತ್ತಿ."

"ಖರೆ?"

"ಖರೆ."

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟು ವರ್ಷ ತಮ್ಮ ತಪ್ಪಿಗಾಗಿ ಅತ್ತವರು, ಅಂದು ಮೊದಲ ಸಲ ಬರೇ ಗಂಡನಿಗಾಗಿ ಅತ್ತರು.